ಡೆಲ್ಟಾ, ಕನಾರ್ಡ್, ಬಾಲ: ಪ್ರಾಜೆಕ್ಟ್‌ಗೆ ಯೂರೋಪಿನ ಯಾವ ಫೈಟರ್ ಆಕಾರ ಹಿಡಿಯೋದು?

ಕಾಲೇಜು ಶುರುವಾಗಿ ಒಂದು ತಿಂಗಳಾದರೆ ಸಾಕು, ಏರೋನಾಟಿಕಲ್ ಓದುವ ಹುಡುಗ ಹುಡುಗಿಯರಿಂದ ಒಂದೇ ಥರದ ಪ್ರಶ್ನೆ ಬರುತ್ತದೆ. ಯೂರೋಪಿನ ಫೈಟರ್ ವಿಮಾನದ ಆಕಾರವೊಂದನ್ನು ಹಿಡಿದು, ಮಾಡೆಲ್ ಮಾಡಿ, ವಿಂಡ್ ಟನಲ್‌ನಲ್ಲಿ, ಅಂದರೆ ಗಾಳಿ ಬೀಸುವ ಸುರಂಗದಲ್ಲಿಟ್ಟು ನೋಡಬೇಕು ಅಂತ ಆಸೆ. ಯಾವುದು ಹಿಡಿಯೋದು? ಗುಂಪಿನಲ್ಲಿ ಒಬ್ಬ ರಫೇಲ್ ಅನ್ನುತ್ತಾನೆ. ಇನ್ನೊಬ್ಬಳು ಯೂರೋಫೈಟರ್ ಅನ್ನುತ್ತಾಳೆ. ಮೂರನೆಯವನು ಮಿರಾಜ್ ಹಿಡಿಯೋಣ, ಅಡ್ಡಬಾಲವೇ ಇಲ್ಲ, ಬೇಗ ಮುಗಿಯುತ್ತೆ ಅನ್ನುತ್ತಾನೆ. ಮೂರನೆಯವನ ಮಾತಿನಲ್ಲಿ ಅರ್ಧ ನಿಜ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ನಾನೂ ಹೀಗೇ ಚೆಂದ ನೋಡಿ ಆರಿಸಿ ಕೈ ಸುಟ್ಟುಕೊಂಡವನು. ರಫೇಲ್ ಥರದ ಮಾಡೆಲ್ ಮಾಡಿದೆವು, ಮುಂದಿನ ಪುಟ್ಟ ರೆಕ್ಕೆಗಳನ್ನು ಮೈಗೆ ಅಂಟು ಹಾಕಿ ಗಟ್ಟಿಯಾಗಿ ಕೂರಿಸಿದೆವು, ನೋಡೋಕೆ ಬಹಳ ಚೆನ್ನಾಗಿತ್ತು. ಟನಲ್‌ನಲ್ಲಿ ಸಿಕ್ಕಿದ್ದು ಎರಡು ದಿನ. ಮೊದಲ ದಿನ ಮಾಡೆಲ್ ಕೂರಿಸುವುದರಲ್ಲೇ ಹೋಯಿತು. ಎರಡನೇ ದಿನ ಗೈಡ್ ಬಂದು, ಪುಟ್ಟ ರೆಕ್ಕೆ ತೆಗೆದು ಒಮ್ಮೆ ಓಡಿಸಿ, ಇಲ್ಲದಿದ್ದರೆ ಅದರಿಂದ ಏನು ಲಾಭ ಅಂತ ಹೇಗೆ ಗೊತ್ತಾಗುತ್ತೆ ಎಂದರು. ತೆಗೆಯೋದು ಹೇಗೆ? ಹ್ಯಾಕ್ಸಾ ಬ್ಲೇಡ್ ತಂದು ಕೊಯ್ದೆವು. ಆಮೇಲೆ ವಾಪಸ್ ಕೂರಿಸೋಕೆ ಆಗಲಿಲ್ಲ.

ಹಾಗಾಗಿ ಮೊದಲು ಯಾವುದನ್ನು ನೋಡಿ ಆರಿಸಬೇಕು ಅನ್ನೋದನ್ನು ಹೇಳಿಬಿಡುತ್ತೇನೆ. ವಿಮಾನಗಳು ಆಮೇಲೆ.

ಆರಿಸುವ ಮುಂಚೆ

ಒಂದನೆಯದು, ಆ ಆಕಾರ ಯಾವ ತಲೆನೋವಿಗೆ ಹುಟ್ಟಿದ ಮದ್ದು ಅನ್ನೋದು. ಸ್ವೀಡನ್ನಿನವರಿಗೆ ಇದ್ದ ಭಯವೇ ಬೇರೆ, ಯುದ್ಧ ಶುರುವಾದ ಕೂಡಲೇ ವಿಮಾನ ನಿಲ್ದಾಣಗಳ ಮೇಲೆ ಬಾಂಬ್ ಬೀಳುತ್ತೆ, ಆಗ ಹೆದ್ದಾರಿಯಿಂದಲೇ ಹಾರಬೇಕು. ಫ್ರೆಂಚರಿಗೆ ಹಡಗಿನ ಮೇಲೂ ಇಳಿಯುವ ವಿಮಾನ ಬೇಕಿತ್ತು. ಬ್ರಿಟನ್, ಜರ್ಮನಿಗಳಿಗೆ ಸರ್ರನೆ ಮೇಲೇರಿ, ಶಬ್ದದ ವೇಗ ದಾಟಿ, ದೂರದಿಂದಲೇ ಕ್ಷಿಪಣಿ ಬಿಡುವ ವಿಮಾನ ಬೇಕಿತ್ತು. ನಿಮ್ಮ ಪ್ರಾಜೆಕ್ಟಿನ ಪ್ರಶ್ನೆ ಲ್ಯಾಂಡಿಂಗ್ ಬಗ್ಗೆ ಇದ್ದರೆ ಒಂದು ಆಕಾರ, ತಿರುವಿನ ಬಗ್ಗೆ ಇದ್ದರೆ ಇನ್ನೊಂದು. ಪ್ರಶ್ನೆಯೇ ಇಲ್ಲದೆ ಆಕಾರ ಹಿಡಿದರೆ ವೈವಾದಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ.

ಎರಡನೆಯದು ನಿಮ್ಮ ಟನಲ್. ಕಾಲೇಜುಗಳಲ್ಲಿ ಸಾಮಾನ್ಯವಾಗಿ ಸಿಗೋದು 60 ಸೆಂಟಿಮೀಟರ್ ಚೌಕದ, ಸೆಕೆಂಡಿಗೆ 30 ಮೀಟರ್ ಆಸುಪಾಸಿನ ಗಾಳಿ ಬೀಸುವ ಟನಲ್. ಅದರೊಳಗೆ 30 ಸೆಂಟಿಮೀಟರ್ ರೆಕ್ಕೆಯ ಮಾಡೆಲ್ ಆರಾಮಾಗಿ ಕೂರುತ್ತೆ. ಈಗ ಒಂದು ಲೆಕ್ಕ ನೋಡಿ. ನಿಜವಾದ ಫೈಟರ್ ಇಳಿಯುವಾಗ ಸೆಕೆಂಡಿಗೆ 70 ಮೀಟರ್ ವೇಗ, ರೆಕ್ಕೆಯ ಸರಾಸರಿ ಅಗಲ 4 ಮೀಟರ್ ಅಂದುಕೊಳ್ಳಿ. ವೇಗವನ್ನು ಅಗಲದಿಂದ ಗುಣಿಸಿ ಗಾಳಿಯ ಅಂಟುತನದಿಂದ ಭಾಗಿಸಿದರೆ ಸಿಗೋದು ರೆನಾಲ್ಡ್ಸ್ ಸಂಖ್ಯೆ, ಅದು ಸುಮಾರು 1.9 ಕೋಟಿ ಬರುತ್ತೆ. ನಿಮ್ಮ ಮಾಡೆಲ್‌ನ ರೆಕ್ಕೆ 15 ಸೆಂಟಿಮೀಟರ್ ಅಗಲ, ಗಾಳಿ 30 ಮೀಟರ್. ಬರೋದು 3 ಲಕ್ಷ. ಅರುವತ್ತು ಪಟ್ಟು ಕಮ್ಮಿ! ಮಾಡೆಲ್‌ಗೆ ಗಾಳಿ ಸ್ವಲ್ಪ ಜೇನುತುಪ್ಪದ ಹಾಗೆ ಅನ್ನಿಸುತ್ತೆ ಅಂತ ಇಟ್ಟುಕೊಳ್ಳಿ. ಯಾವ ಆಕಾರಕ್ಕೆ ಈ ವ್ಯತ್ಯಾಸ ಜಾಸ್ತಿ ತಟ್ಟುತ್ತೆ, ಯಾವುದಕ್ಕೆ ಕಮ್ಮಿ ಅನ್ನೋದು ಆಯ್ಕೆಯಲ್ಲಿ ದೊಡ್ಡ ವಿಷಯ, ಆದರೆ ಯಾರೂ ಇದನ್ನು ಕೇಳೋದೇ ಇಲ್ಲ.

ಮೂರನೆಯದು ಬಿಚ್ಚಿ ಜೋಡಿಸುವ ಭಾಗ ಎಷ್ಟಿವೆ, ಅದಕ್ಕೆ ಕಾಸು, ಸಮಯ ಎಷ್ಟು. ನಾಲ್ಕನೆಯದು, ಟನಲ್ ಆದಮೇಲೆ ಅದನ್ನು ಹಾರಿಸುವ ಆಸೆ ಇದೆಯಾ.

ಅಡ್ಡಬಾಲವಿಲ್ಲದ ಡೆಲ್ಟಾ

ಫ್ರಾನ್ಸಿನ ಡಸಾಲ್ಟ್ ಕಂಪನಿಯ ಮಿರಾಜ್ 3 ಇದರ ಹಿರಿಯಣ್ಣ. 60 ಡಿಗ್ರಿ ಹಿಂದಕ್ಕೆ ಬಾಗಿದ ತ್ರಿಕೋನ ರೆಕ್ಕೆ, ಅದಕ್ಕೇ ಡೆಲ್ಟಾ ಅನ್ನೋದು, ಹಿಂದೆ ಅಡ್ಡಬಾಲವಿಲ್ಲ. ರೆಕ್ಕೆ ತೆಳು ಇದ್ದರೂ ಬುಡ ಉದ್ದವಾದ್ದರಿಂದ ಗಟ್ಟಿ, ಒಳಗೆ ಇಂಧನಕ್ಕೆ ಜಾಗ, ಶಬ್ದದ ವೇಗ ದಾಟುವಾಗ ತಡೆ ಕಮ್ಮಿ. ಮಾಡೆಲ್ ಮಾಡೋದೂ ಸುಲಭ, ಗೆಳೆಯನ ಅರ್ಧ ನಿಜ ಇದೇ.

ಇನ್ನರ್ಧ ಲ್ಯಾಂಡಿಂಗ್‌ನಲ್ಲಿದೆ. ಬಾಲವಿಲ್ಲದ ವಿಮಾನ ಮೂತಿ ಎತ್ತಬೇಕಾದರೆ ರೆಕ್ಕೆಯ ಹಿಂಭಾಗದ ಹಲಗೆಗಳನ್ನು ಮೇಲಕ್ಕೆ ಎತ್ತಬೇಕು. ಹಾಗೆ ಎತ್ತಿದರೆ ರೆಕ್ಕೆಯ ಹಿಂಬದಿ ಕೆಳಕ್ಕೆ ಒತ್ತುತ್ತೆ. ಅಂದರೆ ಲಿಫ್ಟ್, ಮೇಲೆತ್ತುವ ಬಲ, ಜಾಸ್ತಿ ಬೇಕಾದ ಹೊತ್ತಿಗೇ ಲಿಫ್ಟ್ ಕಳೆದುಕೊಳ್ಳುತ್ತೀರಿ. ಅದಕ್ಕೇ ಮಿರಾಜ್ 3 ಗಂಟೆಗೆ 300 ಕಿಲೋಮೀಟರಿಗೂ ಜಾಸ್ತಿ ವೇಗದಲ್ಲಿ ಇಳಿಯಬೇಕಿತ್ತು. ಇದನ್ನು ಸರಿ ಮಾಡೋಕೆ ಡಸಾಲ್ಟ್ ಸ್ವಿಸ್ಸರ ಜೊತೆ ಸೇರಿ ಮೂತಿಗೆ ಮೀಸೆಯ ಹಾಗೆ ಕಾಣುವ, ಮಡಚುವ ಪುಟ್ಟ ರೆಕ್ಕೆ ಹಚ್ಚಿ ನೋಡಿತು, ಆ ವಿಮಾನದ ಹೆಸರು ಮಿಲಾನ್. ಮಿರಾಜ್ ಎಫ್1ರಲ್ಲಿ ಡೆಲ್ಟಾವನ್ನೇ ಬಿಟ್ಟು ಬಾಲದ ರೆಕ್ಕೆಗೆ ಹೋಯಿತು, 1966ರ ಡಿಸೆಂಬರ್‌ನಲ್ಲಿ ಅದು ಹಾರಿತು. ಆಮೇಲೆ 1978ರ ಮಾರ್ಚ್‌ನಲ್ಲಿ ಹಾರಿದ ಮಿರಾಜ್ 2000ರಲ್ಲಿ ಮತ್ತೆ ಡೆಲ್ಟಾ! ಮನಸ್ಸು ಬದಲಾಗಿದ್ದಲ್ಲ, ಕಂಪ್ಯೂಟರ್ ಬಂದಿತ್ತು. ವಿಮಾನದ ತೂಕದ ಕೇಂದ್ರವನ್ನು ಹಿಂದಕ್ಕೆ ಸರಿಸಿ, ಅದನ್ನು ಬೇಕಂತಲೇ ಅಸ್ಥಿರ ಮಾಡಿ, ಕಂಪ್ಯೂಟರ್ ಹಿಡಿದುಕೊಳ್ಳಲಿ ಅಂತ ಬಿಟ್ಟರು. ಆಗ ಆ ಹಿಂದಿನ ಹಲಗೆಗಳು ಮೇಲಕ್ಕಲ್ಲ, ಕೆಳಕ್ಕೆ ಇಳಿಯುತ್ತವೆ, ಲಿಫ್ಟ್ ಕೂಡುತ್ತೆ. ನಮ್ಮ ತೇಜಸ್ ಕೂಡ ಇದೇ ಮನೆತನದ್ದು.

ನಿಮಗೆ ಇದರ ಲಾಭ ಏನಪ್ಪಾ ಅಂದರೆ, ಚೂಪು ಅಂಚಿನ ಡೆಲ್ಟಾದ ಮೇಲೆ ಗಾಳಿ ಎಲ್ಲಿ ಬಿಡಿಸಿಕೊಂಡು ಸುಳಿಯಾಗಿ ಸುತ್ತಿಕೊಳ್ಳುತ್ತೆ ಅನ್ನೋದನ್ನು ಆ ಅಂಚೇ ತೀರ್ಮಾನ ಮಾಡುತ್ತೆ. ದೊಡ್ಡ ವಿಮಾನವಾದರೂ ಅಷ್ಟೇ, ಪುಟ್ಟ ಮಾಡೆಲ್ ಆದರೂ ಅಷ್ಟೇ. ಹಾಗಾಗಿ ಮೇಲೆ ಹೇಳಿದ ಅರುವತ್ತು ಪಟ್ಟಿನ ಕಾಟ ಇಲ್ಲಿ ಕಮ್ಮಿ. ಸಣ್ಣ ಟನಲ್, ಕಮ್ಮಿ ಕಾಸು ಇರುವವರಿಗೆ ಇದು ನನ್ನ ಮೊದಲ ಆಯ್ಕೆ.

ಅದರ ಮೇಲೆ ಎಣ್ಣೆ ಬಣ್ಣ ಹಚ್ಚಿ ನೋಡೋದು ಒಂದು ಹಬ್ಬ. ಮಾಡೆಲ್‌ಗೆ ಹೊಳಪಿಲ್ಲದ ಕಪ್ಪು ಬಣ್ಣ ಹೊಡೆಯಿರಿ. ಟೈಟಾನಿಯಂ ಡೈಆಕ್ಸೈಡ್ ಪುಡಿಯನ್ನು ಸೀಮೆಎಣ್ಣೆಯಲ್ಲಿ ಕಲಸಿ, ಗಂಟಾಗದಿರಲಿ ಅಂತ ಎರಡು ಮೂರು ಹನಿ ಓಲಿಕ್ ಆಸಿಡ್ ಹಾಕಿ, ಬ್ರಷ್‌ನಲ್ಲಿ ತೆಳ್ಳಗೆ ಬಳಿದು ಗಾಳಿ ಬಿಡಿ. ಮೂತಿ ಎತ್ತಿದ ಕೋನ ಕಮ್ಮಿ ಇದ್ದಾಗ ಬಿಳಿ ಗೆರೆಗಳು ಸೀದಾ ಹಿಂದಕ್ಕೆ ಹರಿಯುತ್ತವೆ. 15 ಡಿಗ್ರಿಗೆ ಎತ್ತಿ ನೋಡಿ, ಗೆರೆಗಳು ಹೊರಗಡೆಗೆ ತಿರುಗಿ ಮೀನಿನ ಮುಳ್ಳಿನ ಹಾಗೆ ಜೋಡಿಕೊಳ್ಳುತ್ತವೆ. ರೆಕ್ಕೆಯ ಮೇಲೆ ಸುಳಿ ಮಲಗಿರುವ ಜಾಗ ಅದು. ಇನ್ನೂ ಎತ್ತಿದರೆ ಹಿಂದುಗಡೆ ಬಣ್ಣ ಹರಿಯದೆ ಕೆಸರಿನ ಹಾಗೆ ನಿಲ್ಲುತ್ತೆ. ಸುಳಿ ಒಡೆದಿದೆ ಅಂತ ಅರ್ಥ. ಈ ಫೋಟೋ ಒಂದೇ ರಿಪೋರ್ಟಿನ ಹತ್ತು ಪುಟಕ್ಕೆ ಸಮ.

ಹತ್ತಿರದ ಕನಾರ್ಡ್: ವಿಗೆನ್, ಗ್ರಿಪೆನ್, ರಫೇಲ್

ಮುಂದಿನ ಪುಟ್ಟ ರೆಕ್ಕೆಗೆ ಕನಾರ್ಡ್ ಅಂತ ಹೆಸರು. ಅದು ದೊಡ್ಡ ರೆಕ್ಕೆಗೆ ಅಂಟಿಕೊಂಡ ಹಾಗೆ, ಸ್ವಲ್ಪ ಮೇಲೆ ಕೂತಿದ್ದರೆ ಅದರ ಸುಳಿ ದೊಡ್ಡ ರೆಕ್ಕೆಯ ಸುಳಿಯನ್ನು ಹಿಡಿದು ನಿಲ್ಲಿಸುತ್ತೆ, ಒಡೆಯೋಕೆ ಬೇಗ ಬಿಡಲ್ಲ. ಸ್ವೀಡನ್ನಿನ ಸಾಬ್ ಇದನ್ನು ಮೊದಲು ಗಟ್ಟಿಯಾಗಿ ನಂಬಿದ್ದು ವಿಗೆನ್‌ನಲ್ಲಿ. 1967ರ ಫೆಬ್ರುವರಿ 8ರಂದು ಅದು ಹಾರಿತು. 500 ಮೀಟರ್ ರಸ್ತೆಯಲ್ಲಿ ಇಳಿಯಬೇಕು ಅನ್ನೋದು ಬೇಡಿಕೆ, ಅದಕ್ಕಾಗಿ ಕನಾರ್ಡ್‌ಗೇ ಫ್ಲಾಪ್, ಅಂದರೆ ಕೆಳಕ್ಕೆ ಬಾಗಿ ಲಿಫ್ಟ್ ಹೆಚ್ಚಿಸುವ ಹಲಗೆ ಹಚ್ಚಿದರು, ಎಂಜಿನ್ನಿನ ಹೊಗೆಯನ್ನು ಮುಂದಕ್ಕೆ ತಿರುಗಿಸಿ ಬ್ರೇಕ್ ಹಾಕುವ ಏರ್ಪಾಟೂ ಇಟ್ಟರು. ಗ್ರಿಪೆನ್, ರಫೇಲ್‌ಗಳಲ್ಲಿ ಕನಾರ್ಡ್ ಪೂರ್ತಿ ತಿರುಗುತ್ತೆ. ರಫೇಲ್ ಎ 1986ರ ಜುಲೈ 4ರಂದು, ಗ್ರಿಪೆನ್ 1988ರ ಡಿಸೆಂಬರ್ 9ರಂದು ಹಾರಿದವು.

ಗ್ರಿಪೆನ್ನಿನ ಮೊದಲ ವಿಮಾನ ಎರಡು ತಿಂಗಳೊಳಗೆ, 1989ರ ಫೆಬ್ರುವರಿ 2ರಂದು ಇಳಿಯುವಾಗ ಮಗುಚಿ ಬಿತ್ತು. ಪೈಲಟ್ ಬದುಕಿದರು. ತಪ್ಪು ಆಕಾರದ್ದಲ್ಲ, ಹಾರಾಟ ಹಿಡಿದಿಡುವ ಸಾಫ್ಟ್‌ವೇರ್‌ದು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಟನಲ್‌ನಲ್ಲಿ ಮಾಡೆಲ್‌ನ್ನು ಉಕ್ಕಿನ ಸರಳೊಂದು ಹಿಂದಿನಿಂದ ಬಿಗಿಯಾಗಿ ಹಿಡಿದಿರುತ್ತೆ, ಅಸ್ಥಿರ ವಿಮಾನವೂ ಅಲ್ಲಿ ಹಸುವಿನ ಹಾಗೆ ನಿಂತಿರುತ್ತೆ. ಹಾಗಾಗಿ ಅಸ್ಥಿರ ಆಕಾರ ಅಂತ ಹೆದರಿ ಬಿಡಬೇಡಿ, ಅಳೆಯೋಕೆ ಏನೂ ತೊಂದರೆ ಇಲ್ಲ. ಹಾರಿಸುವಾಗ ಮಾತ್ರ ಅದು ಹುಚ್ಚು ಕುದುರೆ.

ಈ ಆಕಾರದ ಕಷ್ಟ ಏನೆಂದರೆ ಎಲ್ಲವೂ ಜಾಗದ ಆಟ. ಕನಾರ್ಡ್ ಸ್ವಲ್ಪ ಮುಂದೆ, ಸ್ವಲ್ಪ ಕೆಳಗೆ ಹೋದರೂ ಫಲಿತಾಂಶ ಬದಲಾಗುತ್ತೆ. ಹಾಗಾಗಿ ಒಂದೇ ಜಾಗದಲ್ಲಿ ಕೂರಿಸಿ ಅಳೆದರೆ ಅರ್ಥವೇ ಇಲ್ಲ. ಮೈಯಲ್ಲಿ ಮೂರು ಕಡೆ ತೂತು, ಪಿನ್ನು ಹಾಕಿ ಬದಲಿಸುವ ಕನಾರ್ಡ್, ಕನಾರ್ಡ್ ತೆಗೆದಾಗ ತೂತು ಮುಚ್ಚೋಕೆ ಮೇಣ, ಇಷ್ಟಾದರೂ ಬೇಕು. ಓಡಿಸುವ ಸಂಖ್ಯೆ ಡೆಲ್ಟಾಗಿಂತ ಐದಾರು ಪಟ್ಟು ಆಗುತ್ತೆ. ನಾಲ್ಕೈದು ದಿನ ಟನಲ್ ಸಿಗುವವರಿಗೆ ಇದಕ್ಕಿಂತ ರಸದ ವಿಷಯ ಇಲ್ಲ. ಎರಡು ದಿನದವರು ದಯವಿಟ್ಟು ಬೇಡ. ಹ್ಯಾಕ್ಸಾ ಬ್ಲೇಡ್ ನೆನಪಿರಲಿ.

ದೂರದ ಕನಾರ್ಡ್: ಯೂರೋಫೈಟರ್

1970ರ ದಶಕದ ಕೊನೆಗೆ ಮ್ಯೂನಿಕ್‌ನ ಎಂಬಿಬಿ ಕಂಪನಿ ಟಿಕೆಎಫ್-90 ಅನ್ನೋ ಆಕಾರದ ಮೇಲೆ ಕೆಲಸ ಮಾಡುತ್ತಿತ್ತು. ಬ್ರಿಟನ್ನಿನ ವಾರ್ಟನ್‌ನಲ್ಲಿ ಬ್ರಿಟಿಷ್ ಏರೋಸ್ಪೇಸ್‌ನವರು ಮೊದಲು ಬಾಲವಿರುವ ಪಿ.96 ಬರೆದರು, ಆಮೇಲೆ ಒಂಟಿ ಎಂಜಿನ್ನಿನ ಪಿ.106, ಜೋಡಿ ಎಂಜಿನ್ನಿನ ಪಿ.110. ಕೊನೆಗೆ ಇಬ್ಬರೂ ಬಂದು ನಿಂತಿದ್ದು ಡೆಲ್ಟಾ ಮತ್ತು ಕನಾರ್ಡ್‌ಗೇ. ಇವರಿಗೆ ಬೇಕಿದ್ದದ್ದು ಸುಳಿಯ ಸಹಾಯಕ್ಕಿಂತ ಉದ್ದ ಸನ್ನೆಕೋಲು. ಕನಾರ್ಡ್ ಮೂತಿಯ ಹತ್ತಿರ, ಪೈಲಟ್‌ಗಿಂತ ಮುಂದೆ ಇದ್ದರೆ ಚಿಕ್ಕದಿದ್ದರೂ ಮೂತಿ ಎತ್ತೋಕೆ ಸಾಕು, ಶಬ್ದದ ವೇಗ ದಾಟಿದ ಮೇಲೆ ವಿಮಾನವನ್ನು ಸಮ ಹಿಡಿಯೋಕೆ ಆಗುವ ತಡೆಯೂ ಕಮ್ಮಿ.

ಪರೀಕ್ಷೆಗೆ ಅಂತ ಇಎಪಿ ಎಂಬ ಒಂದೇ ಒಂದು ವಿಮಾನ ಕಟ್ಟಿದರು. 1986ರ ಆಗಸ್ಟ್ 8ರಂದು ವಾರ್ಟನ್‌ನಿಂದ ಹಾರಿತು. ಅದರ ಹಿಂಭಾಗ ನೋಡಿದರೆ ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸುತ್ತೆ. ಟಾರ್ನೆಡೊ ವಿಮಾನದ್ದೇ ನಿಂತ ಬಾಲ, ಟಾರ್ನೆಡೊದ್ದೇ ಎಂಜಿನ್! ಕಾಸಿಲ್ಲದಾಗ ದೊಡ್ಡವರೂ ಹಳೇ ಸಾಮಾನು ಜೋಡಿಸುತ್ತಾರೆ, ನೀವು ಹಿಂದಿನ ಬ್ಯಾಚಿನ ಮಾಡೆಲ್‌ನ ಮೈ ಇಸಕೊಂಡು ಹೊಸ ರೆಕ್ಕೆ ಹಾಕಿದರೆ ನಾಚಿಕೆ ಏನೂ ಬೇಡ. ಇಎಪಿಯ ರೆಕ್ಕೆಯ ಮುಂದಿನ ಅಂಚು ನಡುವೆ ಮುರಿದ ಹಾಗಿತ್ತು. 1994ರ ಮಾರ್ಚ್ 27ರಂದು ಜರ್ಮನಿಯ ಮಾಂಚಿಂಗ್‌ನಲ್ಲಿ ಹಾರಿದ ಯೂರೋಫೈಟರ್‌ನಲ್ಲಿ ಅದು ನೇರ, 53 ಡಿಗ್ರಿ. ಈ ಎರಡು ರೆಕ್ಕೆಗಳನ್ನು ಪಕ್ಕಪಕ್ಕ ಅಳೆಯೋದೇ ಒಂದು ಒಳ್ಳೆ ಪ್ರಾಜೆಕ್ಟ್. ಅಷ್ಟೊತ್ತಿಗೆ ಫ್ರಾನ್ಸ್ 1985ರಲ್ಲೇ ಯೂರೋಪಿನ ದೇಶಗಳು ಸೇರಿ ಫೈಟರ್ ಮಾಡುವ ಈ ಕೂಟ ಬಿಟ್ಟು ರಫೇಲ್ ದಾರಿ ಹಿಡಿದಿತ್ತು.

ಸಣ್ಣ ಟನಲ್‌ನಲ್ಲಿ ಈ ಆಕಾರಕ್ಕೆ ಒಂದು ಗುಪ್ತ ಕಾಯಿಲೆ ಇದೆ. ಕನಾರ್ಡ್ ಚಿಕ್ಕದು ಅಂದೆನಲ್ಲ, ನಿಮ್ಮ ಮಾಡೆಲ್‌ನಲ್ಲಿ ಅದು ಎರಡೂವರೆ ಸೆಂಟಿಮೀಟರ್ ಅಗಲ ಇರುತ್ತೆ. ಅದರ ರೆನಾಲ್ಡ್ಸ್ ಸಂಖ್ಯೆ ಬರೀ 50 ಸಾವಿರ. ಅಷ್ಟರಲ್ಲಿ ದುಂಡು ಅಂಚಿನ ಪುಟ್ಟ ರೆಕ್ಕೆ ನಿಜವಾದದ್ದಕ್ಕಿಂತ ಎಷ್ಟೋ ಮೊದಲೇ ಸ್ಟಾಲ್ ಆಗಿಬಿಡುತ್ತೆ, ಅಂದರೆ ಗಾಳಿ ಅದರ ಮೈ ಬಿಟ್ಟು ಲಿಫ್ಟ್ ಕುಸಿಯುತ್ತೆ. ದೊಡ್ಡ ರೆಕ್ಕೆ ಸರಿಯಾದ ಉತ್ತರ ಕೊಡುತ್ತಿದ್ದರೂ ಕನಾರ್ಡ್ ಸುಳ್ಳು ಹೇಳುತ್ತಿರುತ್ತೆ. ಒಂದು ಮೀಟರಿಗೂ ದೊಡ್ಡ ಟನಲ್ ಸಿಕ್ಕಿದರೆ ಧಾರಾಳವಾಗಿ ಹಿಡಿಯಿರಿ. ಇಲ್ಲದಿದ್ದರೆ ಕನಾರ್ಡ್‌ನ ಕೋನ 10 ಡಿಗ್ರಿ ದಾಟಿಸಬೇಡಿ, ದಾಟಿಸಿದರೆ ಯಾಕೆ ನಂಬಬಾರದು ಅಂತ ರಿಪೋರ್ಟಿನಲ್ಲಿ ಬರೆಯಿರಿ.

ಬಾಲವಿರುವ ಹಳೇ ಆಕಾರ

ಇದನ್ನು ಹಳೇದು ಅಂತ ಮೂಗು ಮುರಿಯುವವರಿಗೆ ಲೈಟ್ನಿಂಗ್ ವಿಮಾನದ ಕಥೆ ಹೇಳಬೇಕು. ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿಯವರು 60 ಡಿಗ್ರಿ ಬಾಗಿದ ರೆಕ್ಕೆ, ಕೆಳಗಡೆ ಬಾಲ ಅಂದರು. ಫಾರ್ನ್‌ಬರೋದ ಸರ್ಕಾರಿ ಸಂಶೋಧನಾ ಸಂಸ್ಥೆಯವರು ಬೇಡ, ಬಾಗು ಕಮ್ಮಿ ಇರಲಿ, ಬಾಲ ಮೇಲಿರಲಿ ಅಂದರು. ಜಗಳ ಕಾಗದದ ಮೇಲೆ ಮುಗಿಯಲಿಲ್ಲ. ಕೊನೆಗೆ ಶಾರ್ಟ್ ಎಸ್‌ಬಿ.5 ಅಂತ ಒಂದು ವಿಮಾನವನ್ನೇ ಕಟ್ಟಿದರು. ಚಕ್ರ ಮಡಚಲ್ಲ, ವೇಗವಿಲ್ಲ. ಆದರೆ ನೆಲದ ಮೇಲೆ ರೆಕ್ಕೆಯನ್ನು 50, 60, 69 ಡಿಗ್ರಿಗೆ ಬದಲಿಸಬಹುದು, ಬಾಲವನ್ನು ಮೇಲಿಂದ ಕೆಳಕ್ಕೆ ಇಳಿಸಬಹುದು. 1952ರ ಡಿಸೆಂಬರ್ 2ರಂದು ಹಾರಿತು. ಕಂಪನಿಯವರ ಕೆಳಗಿನ ಬಾಲವೇ ಸರಿ ಅಂತ ಆಯಿತು. ಯಾಕೆಂದರೆ ಮೂತಿ ಎತ್ತಿದಾಗ ರೆಕ್ಕೆಯಿಂದ ಹೊರಟ ಕದಡಿದ ಗಾಳಿ ಮೇಲಕ್ಕೆ ಹೋಗುತ್ತೆ, ಮೇಲಿನ ಬಾಲ ಅದರಲ್ಲಿ ಮುಳುಗುತ್ತೆ, ಕೆಳಗಿನ ಬಾಲ ಶುದ್ಧ ಗಾಳಿಯಲ್ಲಿರುತ್ತೆ.

ಈ ಜಗಳವನ್ನು ನೀವು ಕಾಲೇಜು ಟನಲ್‌ನಲ್ಲಿ ಮತ್ತೆ ಆಡಬಹುದು, ಅದೂ ಕಮ್ಮಿ ಖರ್ಚಿನಲ್ಲಿ. ಒಂದು ಮೈ, ಒಂದು ರೆಕ್ಕೆ, ಎರಡು ಬಾಲ. ನೂಲಿನ ತುಂಡುಗಳನ್ನು ಬಾಲಕ್ಕೆ ಅಂಟಿಸಿದರೆ ಯಾವಾಗ ಮುಳುಗಿತು ಅನ್ನೋದು ಕಣ್ಣಿಗೇ ಕಾಣುತ್ತೆ, ನೂಲು ಹುಚ್ಚೆದ್ದು ಕುಣಿಯುತ್ತೆ. ಹಾರಿಸೋಕೂ ಇದೇ ಸುಲಭ. ಒಂದೇ ಎಚ್ಚರ, ದುಂಡು ಅಂಚಿನ ರೆಕ್ಕೆಗೆ ರೆನಾಲ್ಡ್ಸ್ ಕಾಟ ಜಾಸ್ತಿ. ಮುಂದಿನ ಅಂಚಿನ ಹತ್ತಿರ ಸಣ್ಣ ಉಪ್ಪುಕಾಗದದ ಹರಳು ಅಂಟಿಸಿ ಗಾಳಿಯನ್ನು ಕದಡಬೇಕು. ದೊಡ್ಡ ಟನಲ್‌ಗಳಲ್ಲೂ ಹೀಗೇ ಮಾಡುತ್ತಾರೆ. ಅಂದಹಾಗೆ 3ಡಿ ಪ್ರಿಂಟ್ ಮಾಡಿದ ರೆಕ್ಕೆಯ ಗೀರುಗಳೇ ಈ ಕೆಲಸ ಬೇಡದ ಕಡೆಯೆಲ್ಲ ಮಾಡಿಬಿಡುತ್ತವೆ, ಪುಟ್ಟಿ ಹಾಕಿ ಉಜ್ಜದೆ ಟನಲ್ ಹತ್ತಿರ ಹೋಗಬೇಡಿ.

ರೆಕ್ಕೆ ಮಡಚುವ ಟಾರ್ನೆಡೊ

ಬೇಗ ಮುಗಿಸುತ್ತೇನೆ. 1974ರ ಆಗಸ್ಟ್ 14ರಂದು ಹಾರಿತು, ರೆಕ್ಕೆ 25ರಿಂದ 67 ಡಿಗ್ರಿವರೆಗೆ ಸರಿಯುತ್ತೆ. ನಿಧಾನಕ್ಕೂ ಸೈ, ವೇಗಕ್ಕೂ ಸೈ, ಆದರೆ ತಿರುಗುವ ಕೀಲಿನ ತೂಕ, ರೆಕ್ಕೆಯಡಿಯ ಬಾಂಬುಗಳೂ ಜೊತೆಗೇ ತಿರುಗುವ ಏರ್ಪಾಟು, ಎಲ್ಲಾ ರಗಳೆ. ವಿದ್ಯಾರ್ಥಿಗಳಿಗೆ ಬೇಡ. ಮಾಡಲೇಬೇಕು ಅಂದರೆ ಕೀಲು ಮಾಡೋಕೆ ಹೋಗದೆ ಮೂರು ಕೋನಕ್ಕೆ ಮೂರು ಜೊತೆ ರೆಕ್ಕೆ ಪ್ರಿಂಟ್ ಮಾಡಿ.

ಎಲ್ಲಿ ಪರೀಕ್ಷೆ ಮಾಡೋದು

ಫ್ರಾನ್ಸಿನ ಮೊದಾನ್‌ನಲ್ಲಿ 8 ಮೀಟರ್ ವ್ಯಾಸದ ಗಾಳಿ ಸುರಂಗವಿದೆ. ಅದರ 88 ಮೆಗಾವ್ಯಾಟ್ ಶಕ್ತಿ ಕರೆಂಟಿನಿಂದಲ್ಲ, ಆಲ್ಪ್ಸ್ ಬೆಟ್ಟದಿಂದ ಧುಮುಕುವ ನೀರು ಟರ್ಬೈನ್ ಮೂಲಕ ಫ್ಯಾನನ್ನೇ ನೇರ ತಿರುಗಿಸುತ್ತೆ. ಜರ್ಮನಿಯ ಕಲೋನ್‌ನಲ್ಲಿರುವ ಯೂರೋಪಿಯನ್ ಟನಲ್‌ನಲ್ಲಿ ಗಾಳಿಯ ಬದಲು ನೈಟ್ರೋಜನ್, ಮೈನಸ್ 163 ಡಿಗ್ರಿವರೆಗೆ ತಣ್ಣಗೆ ಮಾಡುತ್ತಾರೆ. ನಾವು ಮೇಲೆ ಅತ್ತ ರೆನಾಲ್ಡ್ಸ್ ಕಾಟಕ್ಕೆ ಅದು ಶ್ರೀಮಂತರ ಪರಿಹಾರ. ನಮ್ಮ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ 1.2 ಮೀಟರ್ ಟನಲ್ ಬೇರೆ ಜಾತಿ. ತೊಟ್ಟಿಯಲ್ಲಿ ಒತ್ತಿ ತುಂಬಿದ ಗಾಳಿಯನ್ನು ಒಮ್ಮೆಗೇ ಬಿಡುತ್ತಾರೆ, ಕೆಲವೇ ಸೆಕೆಂಡಿನ ಓಟ, ಗಾಳಿ ಶಬ್ದದ ವೇಗವನ್ನೂ ದಾಟಬಲ್ಲದು. ಅಲ್ಲಿಗೆ ಪ್ಲಾಸ್ಟಿಕ್ ಮಾಡೆಲ್ ನಡೆಯಲ್ಲ, ಉಕ್ಕೇ ಬೇಕು. ಕಾಲೇಜು ಟನಲ್‌ನಲ್ಲಿ ನಿಮ್ಮ 30 ಸೆಂಟಿಮೀಟರ್ ಡೆಲ್ಟಾಗೆ ಬೀಳುವ ಲಿಫ್ಟ್ ಬರೀ ಎರಡು ಕೆಜಿ ಚಿಲ್ಲರೆ, ಪ್ರಿಂಟ್ ಮಾಡಿದ್ದು ಧಾರಾಳ ಸಾಕು.

ಟನಲ್ ಬಿಟ್ಟು ಹಾರಿಸಿಯೇ ನೋಡುವ ದಾರಿಯೂ ಹಳೇದು. ಸಾಬ್‌ನವರು ಡ್ರಾಕೆನ್ ಫೈಟರ್‌ನ ಜೋಡಿ ಡೆಲ್ಟಾ ನಂಬೋಕೆ ಮೊದಲು ಅದರ ಮರಿಯನ್ನು 1952ರ ಜನವರಿಯಲ್ಲಿ ಹಾರಿಸಿದರು. ಜರ್ಮನಿಯ ಕುರ್ಟ್ ಟ್ಯಾಂಕ್ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಮರುತ್ ಫೈಟರ್ ಮಾಡುವಾಗ 1959ರಲ್ಲಿ ಪೂರ್ತಿ ಅಳತೆಯ ಮರದ ಗ್ಲೈಡರನ್ನು ಡಕೋಟಾ ವಿಮಾನಕ್ಕೆ ಕಟ್ಟಿ ಮೇಲಕ್ಕೆ ಒಯ್ದಿದ್ದರು. ನಿಮ್ಮದು ಥರ್ಮೋಕೋಲ್ ಆದರೂ ಪರವಾಗಿಲ್ಲ. ಬ್ರಿಟನ್ನಿನವರು ಜಾಗ್ವಾರ್ ವಿಮಾನವೊಂದರ ಬಾಲಕ್ಕೆ ಸೀಸ ತುಂಬಿ ಬೇಕಂತಲೇ ಅಸ್ಥಿರ ಮಾಡಿದ್ದರು. ನೀವು ವಿಮಾನ ಸ್ಥಿರವಾಗಿರಲಿ ಅಂತ ಅದೇ ಸೀಸವನ್ನು ಮೂತಿಗೆ ತುಂಬಿ, ಕನಾರ್ಡ್ ಇದ್ದರಂತೂ ಇನ್ನೂ ಸ್ವಲ್ಪ ಜಾಸ್ತಿ.

ಹಾಗಾದರೆ ಯಾವುದು? ಎರಡೇ ದಿನ, ಸಣ್ಣ ಟನಲ್, ಜೇಬು ಖಾಲಿ ಅಂದರೆ ಮಿರಾಜ್ ಥರದ ಡೆಲ್ಟಾ, ಎಣ್ಣೆ ಬಣ್ಣದ ಜೊತೆ. ಅದೇ ಟನಲ್, ಆದರೆ ಮುಂದೆ ಹಾರಿಸಬೇಕು, ಮಾರ್ಕೂ ಬೇಕು ಅಂದರೆ ಲೈಟ್ನಿಂಗ್‌ನ ಎರಡು ಬಾಲದ ಜಗಳ. ವಾರ ಪೂರ್ತಿ ಟನಲ್ ಸಿಕ್ಕಿ, ಗುಂಪಿನಲ್ಲಿ ಒಬ್ಬನಿಗಾದರೂ ಕೈಕೆಲಸ ಚೆನ್ನಾಗಿ ಬರುತ್ತೆ ಅಂದರೆ ಹತ್ತಿರದ ಕನಾರ್ಡ್. ಯೂರೋಫೈಟರ್ ದೊಡ್ಡ ಟನಲ್ ಇರುವವರಿಗೆ, ಇಲ್ಲವೇ ಕಂಪ್ಯೂಟರಿನಲ್ಲೇ ಲೆಕ್ಕ ಹಾಕಿ ಮುಗಿಸುವವರಿಗೆ. ನನ್ನನ್ನು ಈಗ ಮತ್ತೆ ಕಾಲೇಜಿಗೆ ಕಳಿಸಿದರೆ ಎರಡು ಬಾಲವನ್ನೇ ಹಿಡಿಯುತ್ತಿದ್ದೆ.

ಯಾವುದೇ ಹಿಡಿದರೂ, ಮೊದಲ ದಿನ ಬೆಳಿಗ್ಗೆ ಮಾಡೆಲ್ ಇಲ್ಲದೆ ಬರೀ ಸರಳನ್ನೇ ನಿಲ್ಲಿಸಿ ಒಮ್ಮೆ ಗಾಳಿ ಬಿಟ್ಟು ಓದಿಕೊಂಡುಬಿಡಿ. ಸಂಜೆ ಲೆಕ್ಕದಿಂದ ಕಳೆಯೋಕೆ ಅದು ಬೇಕೇ ಬೇಕು, ಆಮೇಲೆ ಯಾರೂ ಟನಲ್ ಮತ್ತೆ ಕೊಡಲ್ಲ.